ನೆನೆಸಿದ ತಂತಿ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು. ಮಾತು ಸಾಲದ ಕಡೆ ಓದುವವರು ಸಹಿಸಿಕೊಳ್ಳಬೇಕು. ಇದು ನನ್ನ ಅಮ್ಮ ಅಶ್ವತ್ಥಮ್ಮನ ವಿಷಯ.

ಯಲ್ದೂರಿನ ಸುತ್ತಮುತ್ತ ಮಣ್ಣಿನ ಗೋಡೆ ಏಳಬೇಕೆಂದರೆ ಅಶ್ವತ್ಥಮ್ಮನೇ ಬಂದು ಕೆಸರು ತುಳಿಯಬೇಕಿತ್ತು. ರಾಗಿ ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ, ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಮಣ್ಣಿಗೆ ಸೇರಿಸುತ್ತಿದ್ದಳು. ಒಣ ಹುಲ್ಲು ಹಾಕಿದರೆ ಗೋಡೆ ಬಿರುಕು ಬಿಡುತ್ತದೆಂದು ಅವಳ ಅತ್ತೆ ಹೇಳಿಕೊಟ್ಟಿದ್ದರು. ಗೋಡೆ ಏರಿಸುತ್ತಿದ್ದವರು ಓಬೇದುಲ್ಲಾ ಮೇಸ್ತ್ರಿ.

"ಅಶ್ವತ್ಥಮ್ಮ ತುಳಿದ ಮಣ್ಣಾದ್ರೆ ನಾನು ಕಣ್ಮುಚ್ಕೊಂಡು ಗೋಡೆ ಇಡ್ತೀನಿ" ಎನ್ನುತ್ತಿದ್ದರು. ಹದಿನೈದು ವರ್ಷ ಹಾಗೇ ನಡೆಯಿತು.

ಆಮೇಲೆ ಜನ ಇಟ್ಟಿಗೆ, ಸಿಮೆಂಟಿಗೆ ತಿರುಗಿದರು. ಎಂಬತ್ತನಾಲ್ಕರಲ್ಲಿ ಮಾಲೂರಿನ ಒಂದು ಸಿಮೆಂಟ್ ಯಾರ್ಡಿಗೆ ಚರಂಡಿ ಗುಂಡಿಗಳ ಮುಚ್ಚಳ ಮಾಡುವ ಕೆಲಸ ಬಂತು. ಅಲ್ಲಿ ಸೇರಿದ ಮೇಸ್ತ್ರಿ, ಮಾಲೀಕರಾದ ಚನ್ನರಾಯಪ್ಪನವರಿಗೆ ಹೇಳಿ ಅವಳನ್ನೂ ಸೇರಿಸಿದರು. ಮೊದಲ ದಿನ ಒಂದು ಚೀಲ ತೋರಿಸಿದರು. ಅದರ ತುಂಬ ಉಗುರುದ್ದದ ಉಕ್ಕಿನ ತಂತಿ ಚೂರುಗಳು.

"ಇದೇನ್ ಸಾಬ್ರೇ, ನಿಮ್ಮ ಹಬ್ಬದ ಶಾವಿಗೇನಾ?"

"ತಿಂದು ನೋಡು, ಹಲ್ಲು ನನ್ ಕೈಗೆ ಕೊಡ್ತೀಯ" ಎಂದು ಮೇಸ್ತ್ರಿ ನಕ್ಕರು. "ಕಾಂಕ್ರೀಟ್ ಕಲಸೋವಾಗ ಇದನ್ನ ಸೇರಿಸ್ಬೇಕು. ಮಣ್ಣಿಗೆ ನೀನು ಹುಲ್ಲು ಹಾಕಲ್ವೇನಮ್ಮಾ, ಹಂಗೇ. ಒಳಗೆ ಹಿಡ್ಕೊಂಡಿರುತ್ತೆ, ಒಡೆಯಕ್ಕೆ ಬಿಡಲ್ಲ."

ಹಾಗೇ ಎಂದರಲ್ಲ, ಅಶ್ವತ್ಥಮ್ಮ ಹಾಗೇ ಮಾಡಿದಳು. ಸಂಜೆ ಎಲ್ಲರೂ ಹೊರಟ ಮೇಲೆ ಮರುದಿನದ ತಂತಿಯನ್ನೆಲ್ಲ ತೊಟ್ಟಿಗೆ ಸುರಿದು, ಮುಳುಗುವಷ್ಟು ನೀರು ಹಾಕಿ ಬಂದಳು. ಹೊಸ ಕೆಲಸದಲ್ಲಿ ಮೇಸ್ತ್ರಿಯ ಮರ್ಯಾದೆ ಉಳಿಸಬೇಕೆಂಬ ಆಸೆ ಅವಳಿಗೆ.

ಬೆಳಿಗ್ಗೆ ನೋಡಿದರೆ ತಂತಿ ಕೆಂಪಗೆ ತುಕ್ಕು ಹಿಡಿದು, ಒಂದಕ್ಕೊಂದು ಹೆಣೆದುಕೊಂಡು ಗಂಟುಗಂಟಾಗಿತ್ತು. ಮೇಸ್ತ್ರಿ ಮರಳು ತರಲು ಹೋಗಿದ್ದರು. ಅಶ್ವತ್ಥಮ್ಮ ಬೆರಳು ಕುಯ್ದುಕೊಂಡು ಬಿಡಿಸುವಷ್ಟು ಬಿಡಿಸಿದಳು. ಬಿಡಿಸಲಾಗದ ಗಂಟುಗಳನ್ನು ಹೆದರಿಕೆಯಲ್ಲಿ ಹಾಗೇ ಕಾಂಕ್ರೀಟಿಗೆ ಹಾಕಿ ಕಲಸಿಬಿಟ್ಟಳು. ಮೇಸ್ತ್ರಿ ಬರುವಷ್ಟರಲ್ಲಿ ಅಚ್ಚುಗಳು ತುಂಬಿದ್ದವು.

ತಿಂಗಳಾದ ಮೇಲೆ ಪರೀಕ್ಷೆ. ಮುಚ್ಚಳದ ಮೇಲೆ ಲೋಡು ತುಂಬಿದ ಲಾರಿಯ ಚಕ್ರ ಹತ್ತಿಸಿದರು. ಮುಚ್ಚಳ ಎರಡಾಯಿತು. ಒಡೆದ ಕಡೆ ಹಕ್ಕಿಗೂಡಿನಂಥ ಕೆಂಪು ಗಂಟು ಕಾಣಿಸಿತು. ಮೇಸ್ತ್ರಿ ಬಗ್ಗಿ ಅದನ್ನು ಮುಟ್ಟಿದರು. ತಲೆಯೆತ್ತಿ ಒಂದು ಸಲ ಅಶ್ವತ್ಥಮ್ಮನ ಮುಖ ನೋಡಿದರು.

"ಯಾವನಯ್ಯ ಇದನ್ನ ಕಲಸಿದ್ದು?" ಚನ್ನರಾಯಪ್ಪನವರು ಕೂಗಿದರು.

ಅಶ್ವತ್ಥಮ್ಮ ಗಾಯದ ಗುರುತಿದ್ದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನಾನೇ ಸಾರ್. ತಪ್ಪು ನಂದೇ" ಎಂದರು ಮೇಸ್ತ್ರಿ.

ಕರಣೆ ತೊಳೆದು, ಚೀಲಕ್ಕೆ ಹಾಕಿಕೊಂಡು, ಯಾರ ಕಡೆಯೂ ತಿರುಗದೆ ಗೇಟು ದಾಟಿದರು. ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಹೆಂಡತಿಯ ಊರಾದ ಮುಳಬಾಗಿಲಿಗೆ ಹೋದರೆಂದು ಗೊತ್ತಾಯಿತು. ಯಾರ್ಡಿನಲ್ಲಿ ಹೊಸಬರು ಬಂದಾಗಲೆಲ್ಲ ಚನ್ನರಾಯಪ್ಪನವರು, "ಓಬೇದುಲ್ಲಾ ಥರ ಕಲಸ್ಬೇಡ್ರಪ್ಪ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅಶ್ವತ್ಥಮ್ಮ ತಲೆ ಬಗ್ಗಿಸಿ, ಒಣ ತಂತಿಯನ್ನು ಜರಡಿಯಲ್ಲಿ ಉದುರಿಸುತ್ತಿದ್ದಳು. ಈ ವಾರ ಹೋಗಿ ಕಾಲಿಗೆ ಬೀಳುತ್ತೇನೆ, ಬರುವ ವಾರ ಹೋಗುತ್ತೇನೆ ಎನ್ನುತ್ತಲೇ ಎರಡು ವರ್ಷ ಕಳೆದಳು.

ಹೋದ ಸೋಮವಾರ ಹೋದಳು. ಮೇಸ್ತ್ರಿಯ ಹೆಂಡತಿ ಮುನ್ನೀ ಬೀ ಬಾಗಿಲಲ್ಲಿ ನಿಂತಿದ್ದರು.

"ಈಗ ಬಂದ್ಯಾ ಅಶ್ವತ್ಥಮ್ಮಾ? ಅವ್ರು ತೀರ್ಕೊಂಡು ನಲವತ್ತು ದಿನ ಆಯ್ತಲ್ಲಮ್ಮ."

ಅಶ್ವತ್ಥಮ್ಮ ಹೊಸ್ತಿಲ ಮೇಲೆ ಕೂತಳು. ಮುನ್ನೀ ಬೀ ಬೈಯಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು: "ನಿನ್ ಕೂಲಿ ಹೋಗ್ಬಾರ್ದು ಅಂತ ಬಾಯಿ ಬಿಡ್ಲಿಲ್ಲ ಅವ್ರು. ಆದ್ರೆ ಮಾಲೂರ್ ಕಡೆಯಿಂದ ಬಸ್ಸು ಬಂದಾಗೆಲ್ಲ ಈ ಬಾಗ್ಲಿಗೆ ಬಂದು, ನೀನು ಬಂದ್ಯೇನೋ ಅಂತ ನೋಡ್ತಿದ್ರು."

ಅಂದಿನಿಂದ ಅಮ್ಮ ತಟ್ಟೆಯ ಮುಂದೆ ಕೂರುತ್ತಾಳೆ, ಉಣ್ಣುವುದಿಲ್ಲ. ತಂತಿ ನೆನೆಸಿ ಕಲಸಿದ್ದು ನಾನೆಂದು ಹೇಳಬೇಕು ಎನ್ನುತ್ತಾಳೆ, ಯಾರ್ಡಿಗೆ ಹೋಗಿ ಹೇಳದೆ ಬರುತ್ತಾಳೆ.

ನಾಳೆ ಬೆಳಗಿನ ಬಸ್ಸಿಗೆ ಅಮ್ಮನ ಜೊತೆ ನಾನೂ ಮಾಲೂರಿಗೆ ಹೋಗುತ್ತೇನೆ. ಅವಳಿಂದ ಆಗದಿದ್ದರೆ, ಕೆಲಸದವರೆಲ್ಲರ ಎದುರಿಗೆ ಚನ್ನರಾಯಪ್ಪನವರಿಗೆ ನಾನೇ ಹೇಳುತ್ತೇನೆ.