ಜೋಡಿ ಮೊರ, ಒಂಟಿ ಮೊರ

ಪ್ರತಿ ವರ್ಷ ಗೌರಿ ಹಬ್ಬಕ್ಕೆ ವಾರವಿದೆ ಎನ್ನುವಾಗ ನಾನೊಂದು ಲೇಖನ ಬರೆಯುತ್ತೇನೆ. ನಿಜ ಹೇಳಬೇಕೆಂದರೆ ಬರೆಯುವುದಿಲ್ಲ, ಹೋದ ವರ್ಷದ್ದನ್ನೇ ತೆಗೆದು ಧೂಳು ಕೊಡವುತ್ತೇನೆ. ‘ಹಬ್ಬಕ್ಕೆ ಪರಿಸರಸ್ನೇಹಿ ಉಡುಗೊರೆ’ ಎಂಬುದು ಅದರ ತಲೆಬರಹ. ಮಣ್ಣಿನ ಹಣತೆ, ಬಟ್ಟೆ ಚೀಲ, ಬಿದಿರಿನ ಬುಟ್ಟಿ, ತುಳಸಿ ಗಿಡ. ಒಂದು ವರ್ಷ ಹಣತೆ ಮೊದಲು ಬಂದರೆ ಮರುವರ್ಷ ಚೀಲ ಮೊದಲು ಬರುತ್ತದೆ. ಕೊನೆಯ ಸಾಲು ಮಾತ್ರ ಎಂದೂ ಬದಲಾಗಿಲ್ಲ: ‘ಮಣ್ಣಿನಲ್ಲಿ ಮಣ್ಣಾಗುವ ಉಡುಗೊರೆಯೇ ಅರ್ಥಪೂರ್ಣ ಉಡುಗೊರೆ.’

ದೊಡ್ಡಬಳ್ಳಾಪುರದಲ್ಲಿ ಕೂತು ಪತ್ರಿಕೆಗೆ ಸುದ್ದಿ ಕಳಿಸುವ ನನಗೆ ವಿಶೇಷಣಗಳೆಂದರೆ ಆಗುವುದಿಲ್ಲ. ‘ಭೀಕರ ಅಪಘಾತ’ ಎಂದು ಬಂದರೆ ‘ಭೀಕರ’ ಹೊಡೆದುಹಾಕುತ್ತೇನೆ. ಸತ್ತವರ ಹೆಸರು, ವಯಸ್ಸು, ಊರು ಸರಿಯಾಗಿದ್ದರೆ ಭೀಕರತೆ ತಾನಾಗಿ ಬರುತ್ತದೆ. ಆದರೆ ‘ಅರ್ಥಪೂರ್ಣ’ ಎಂಬುದೊಂದನ್ನು ಹಬ್ಬದ ನೆಪದಲ್ಲಿ ಉಳಿಸಿಕೊಂಡಿದ್ದೆ.

ಈ ಲೇಖನಕ್ಕೆ ತಪ್ಪದ ಓದುಗರೊಬ್ಬರಿದ್ದರು, ನಮ್ಮ ಭಾವ. ಅಕ್ಕ ಜಯಮ್ಮನನ್ನು ಕೊಟ್ಟಿರುವುದು ತ್ಯಾಮಗೊಂಡ್ಲುವಿಗೆ. ಭಾವ ಅಲ್ಲೇ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ, ಅರ್ಧ ಎಕರೆ ತೋಟ ನೋಡಿಕೊಂಡಿದ್ದರು. ಹಬ್ಬದ ಹಿಂದಿನ ದಿನ ನಾನು ಅಕ್ಕನಿಗೆ ಬಾಗಿನ ಹೊತ್ತು ಹೋದರೆ, ಜಗಲಿಯಲ್ಲಿ ಪತ್ರಿಕೆ ಬಿಡಿಸಿಕೊಂಡು ಕಾದಿರುತ್ತಿದ್ದರು.

“ಬಾರಪ್ಪ ಪೇಪರ್‌ನೋನೇ. ಈ ಸಲ ಬಟ್ಟೆ ಚೀಲ ಮೂರನೇ ಸಾಲಿಗೆ ಇಳಿದ್‌ಬಿಟ್ಟಿದೆ, ಏನ್ ತಪ್ಪು ಮಾಡ್ತು ಪಾಪ? ಮರ ಉಳಿಸಿ ಅಂತ ಅಷ್ಟುದ್ದ ಬರ್ದಿದೀಯ, ಅದನ್ನ ಅಚ್ಚು ಹಾಕೋಕೆ ಎಷ್ಟು ಮರ ಹೋಯ್ತು, ಅದನ್ನೂ ಬರಿ.”

ಒಳಗಿನಿಂದ ಅಕ್ಕ, “ಬಂದೋನಿಗೆ ನೀರು ಕೊಡೋಕ್ ಮುಂಚೆ ಶುರು ಮಾಡ್ಕೊಂಡ್ರಾ?” ಎನ್ನುತ್ತಿದ್ದಳು. ಅದೂ ಪ್ರತಿ ವರ್ಷದ ಮಾತೇ. ನನ್ನ ಲೇಖನದಂತೆ.

ಬಾಗಿನ ಎಂದರೆ ತಲೆ ಬಾಗಿ ಕೊಡುವುದು ಎಂದೇ ಬಹಳ ಕಾಲ ನಂಬಿದ್ದೆ. ಹಾಗೆ ಒಂದು ಸಲ ಅಚ್ಚಿಗೂ ಕೊಟ್ಟೆ. ಆಮೇಲೆ ನಿಘಂಟು ತೆಗೆದರೆ ಅದು ‘ವಾಯನ’ ಎಂಬ ಸಂಸ್ಕೃತ ಪದದಿಂದ ಬಂದದ್ದು; ಬಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ತಿದ್ದುಪಡಿ ಪ್ರಕಟಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಪದ ಎಲ್ಲಿಂದಲೇ ಬಂದಿರಲಿ, ವಸ್ತು ಮಾತ್ರ ಎಲ್ಲರಿಗೂ ಗೊತ್ತು. ಎರಡು ಬಿದಿರಿನ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಅರಿಶಿನ, ಕುಂಕುಮ, ಬಳೆ, ರವಿಕೆ ಕಣ. ಇನ್ನೊಂದು ಅದರ ಮೇಲೆ ಮುಚ್ಚಳ. ಅದರಲ್ಲಿರುವುದೆಲ್ಲ ತಿಂದು, ಉಟ್ಟು, ತೊಟ್ಟು ಮುಗಿಯುವಂಥದ್ದು. ಪರಿಸರಸ್ನೇಹಿ ಎಂಬ ಪದ ಹುಟ್ಟುವ ಮೊದಲೇ ನಮ್ಮ ಹೆಂಗಸರು ಆ ಕೆಲಸ ಮುಗಿಸಿದ್ದರು. ಹೊಸಕೋಟೆ ಕಡೆಯ ಒಂದು ಕಾರ್ಖಾನೆಯವರು ಹಬ್ಬಕ್ಕೆಂದು ನೌಕರರಿಗೆಲ್ಲ ಪ್ಲಾಸ್ಟಿಕ್ ಕುಂಡದಲ್ಲಿ ಸಸಿ ಹಂಚಿದ್ದನ್ನು ಫೋಟೊ ಸಮೇತ ವರದಿ ಮಾಡಿದವನು ನಾನು. ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಹೋದಾಗ, ಗೇಟಿನ ಹಿಂದೆ ಒಣಗಿದ ಸಸಿಗಳ ಕುಂಡಗಳು ರಾಶಿ ಬಿದ್ದಿದ್ದವು. ಅದರ ವರದಿ ಮಾಡಲಿಲ್ಲ.

ಇಷ್ಟೆಲ್ಲ ತಿಳಿದವನು ಹೋದ ವರ್ಷ ಮಾಡಿದ್ದನ್ನು ಈಗ ಹೇಳಬೇಕು. ಲೇಖನಕ್ಕೆ ಮೇದರಕೇರಿಯ ಒಬ್ಬರ ಮಾತು, ಶಾಲೆಯ ಮೇಷ್ಟರೊಬ್ಬರ ಮಾತು ಸೇರಿಸಿ ಎಂದು ಸುದ್ದಿಮನೆಯವರು ಪಟ್ಟು ಹಿಡಿದರು. ಮೇದರಕೇರಿಯಲ್ಲಿ ಬಿದಿರಿನ ಬೆಲೆ, ಪ್ಲಾಸ್ಟಿಕ್ ಬಂದು ವ್ಯಾಪಾರ ಕೆಟ್ಟದ್ದು, ಎಲ್ಲ ಬರೆದುಕೊಂಡೆ. ಮೊರ ಕೊಳ್ಳುವುದನ್ನು ಮರೆತೆ. ಅದು ನೆನಪಾದದ್ದು ತ್ಯಾಮಗೊಂಡ್ಲುವಿಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ. ಎದುರಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಮೊರಗಳು ತೂಗಾಡುತ್ತಿದ್ದವು, ಗಿಳಿಹಸಿರು ಬಣ್ಣದವು. ಒಂದು ಜೋಡಿ ತೆಗೆದುಕೊಂಡು, ಮನೆಯಿಂದ ತಂದಿದ್ದ ಸಾಮಾನೆಲ್ಲ ಅದರೊಳಗಿಟ್ಟು, ದಾರ ಕಟ್ಟಿದೆ.

ಭಾವ ಒಮ್ಮೆ ಪತ್ರಿಕೆ ನೋಡಿದರು, ಒಮ್ಮೆ ಮೊರ ನೋಡಿದರು. ಕೆಮ್ಮು ಬರುವಷ್ಟು ನಕ್ಕರು. “ಜಯಾ, ಬಾರೇ ಇಲ್ಲಿ! ನಿನ್ ತಮ್ಮ ಬರೆಯೋದು ಬಿದಿರು, ತರೋದು ಪ್ಲಾಸ್ಟಿಕ್ಕು. ಇದು ನಮ್ಮಿಬ್ರಿಗಿಂತ ಗಟ್ಟಿ ಕಣೇ, ಜೋಪಾನವಾಗಿ ಇಟ್ಕೊ.”

ಯುಗಾದಿ ಕಳೆದು ಎರಡನೇ ವಾರ ಭಾವ ತೀರಿಕೊಂಡರು. ಬೆಳಗ್ಗೆ ತೋಟದಲ್ಲಿ ಎದೆನೋವು. ನೆಲಮಂಗಲದ ಆಸ್ಪತ್ರೆ ತಲುಪುವ ಮೊದಲೇ ಮುಗಿಯಿತು. ಅರವತ್ತಾರು ವರ್ಷ. ಅದೇ ತೋಟದ ಬದುವಿನ ಬಳಿ ಮಣ್ಣು ಮಾಡಿದೆವು. ಮೂರು ಹಿಡಿ ಮಣ್ಣು ಹಾಕುವಾಗ ನನ್ನ ಲೇಖನದ ಕೊನೆಯ ಸಾಲು ನೆನಪಾಯಿತು. ಅಂಥ ಹೊತ್ತಿನಲ್ಲಿ ಅದು ನೆನಪಾದದ್ದಕ್ಕೆ ನಾಚಿಕೆಯೂ ಆಯಿತು.

ಈ ವರ್ಷ ಶ್ರಾವಣ ಮುಗಿಯುತ್ತಿದ್ದಂತೆ ಸುದ್ದಿಮನೆಯಿಂದ ಎಂದಿನ ಫೋನು: “ಸಾರ್, ಹಬ್ಬದ ಉಡುಗೊರೆ ಲೇಖನ ಕಳಿಸ್ಬಿಡಿ.” ಆಗ ಲೆಕ್ಕ ಹಾಕಿದೆ. ನನ್ನ ಅಕ್ಕ ಈ ಜನ್ಮದಲ್ಲಿ ಪಡೆದ ಕಡೆಯ ಬಾಗಿನ, ನಾನು ಬಸ್‌ಸ್ಟ್ಯಾಂಡಿನಲ್ಲಿ ಅವಸರಕ್ಕೆ ಕೊಂಡ ಆ ಗಿಳಿಹಸಿರು ಪ್ಲಾಸ್ಟಿಕ್ಕು.

ಗಂಡ ಸತ್ತವಳಿಗೆ ಬಾಗಿನವಿಲ್ಲ ಎಂಬ ಪದ್ಧತಿ ತಪ್ಪು ಎಂದು ಪತ್ರಿಕೆಯಲ್ಲಿ ಬರೆದವನೂ ನಾನೇ. ಬರೆಯುವುದು ಸುಲಭ. “ಈ ಸಲವೂ ಜೋಡಿ ಮೊರ ತಗೊಂಡು ಹೋಗ್ತೀನಿ” ಎಂದು ಮನೆಯಲ್ಲಿ ಹೇಳಿ ನೋಡಿದೆ. ಹೆಂಡತಿ ಜಗಳವಾಡಲಿಲ್ಲ.

“ನೀವು ಕೊಟ್ಟು ಬಸ್ ಹತ್ತಿ ಬರ್ತೀರ ಕಣ್ರೀ. ಆಮೇಲೆ ಬೀದಿಯವರಿಗೆ ಉತ್ತರ ಹೇಳ್ಬೇಕಾದೋರು ಅತ್ತಿಗೆ. ಅವರನ್ನ ಕೇಳಿದ್ರಾ?”

ಕೇಳಿರಲಿಲ್ಲ. ಹಾಗೆಂದು ಬರಿಗೈಯಲ್ಲಿ ಹೋಗುವುದೋ, ಹೋಗದೇ ಇರುವುದೋ? ಬಾಗಿನದ ಜೊತೆಗೆ ತವರಿನವರ ಬರುವಿಕೆಯೂ ನಿಂತುಹೋದ ಮನೆಗಳನ್ನು ನಾನು ನೋಡಿದ್ದೇನೆ. ಯಾರೂ ಜಗಳವಾಡಿರುವುದಿಲ್ಲ. ಒಂದು ವರ್ಷ ಕಾರಣವಿರುತ್ತದೆ, ಮರುವರ್ಷ ಕಾರಣವೂ ಬೇಕಾಗುವುದಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಮೇದರಕೇರಿಗೆ ಹೋದೆ. ಹೋದ ವರ್ಷ ನನ್ನೊಡನೆ ಮಾತಾಡಿದ್ದ ಮುದುಕಿಯೇ ಕೂತಿದ್ದಳು. ಮೊರಗಳು ಎರಡು ಗುಂಪಿನಲ್ಲಿದ್ದವು. ಬಾಗಿನದ್ದು ತೆಳುವಾಗಿ ಚಿಕ್ಕದಾಗಿರುತ್ತದೆ, ಒಂದು ದಿನದ ಶೋಭೆಗೆ. ಕಾಳು ಕೇರುವುದು ದೊಡ್ಡದು, ಅಂಚು ಗಟ್ಟಿ.

“ಪೇಪರ್‌ನೋರು! ಹೋದ್ ಸಲ ಎಲ್ಲಾ ಬರ್ಕೊಂಡ್ ಹೋದ್ರಿ, ಒಂದು ಮೊರ ತಗೊಳ್ಲಿಲ್ಲ” ಎಂದಳು. ಆಮೇಲೆ ಕೇಳಿದಳು: “ಜೋಡಿ ಕೊಡ್ಲಾ, ಒಂಟಿ ಕೊಡ್ಲಾ?”

ವ್ಯಾಪಾರದ ಪ್ರಶ್ನೆ. ದಿನಕ್ಕೆ ಹತ್ತಾರು ಜನರಿಗೆ ಅವಳು ಕೇಳುವಂಥದ್ದು. ನಾನು ಉತ್ತರಿಸಲು ತಡ ಮಾಡಿದ್ದನ್ನು ನೋಡಿ ಮತ್ತೇನೂ ಕೇಳದೆ, ದೊಡ್ಡ ಮೊರಗಳ ಗುಂಪಿನಿಂದ ಒಂದನ್ನು ಎಳೆದು ಬೆರಳಿನಿಂದ ತಟ್ಟಿ ತೋರಿಸಿ ಕೊಟ್ಟಳು.

ಈ ಸಲ ಹಬ್ಬದ ಹಿಂದಿನ ದಿನಕ್ಕೆ ಕಾಯದೆ ಮರುದಿನವೇ ಹೋದೆ. ತ್ಯಾಮಗೊಂಡ್ಲುವಿನ ಜಗಲಿಯಲ್ಲಿ ಪತ್ರಿಕೆ ಇರಲಿಲ್ಲ, ತರಿಸುವುದನ್ನು ಅಕ್ಕ ನಿಲ್ಲಿಸಿದ್ದಳಂತೆ. ಅಕ್ಕ ಮೊರ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು.

“ಒಂದೇನಾ?”

“ಒಂದೇ ಅಕ್ಕ. ಕೇರೋ ಮೊರ.”

ಅದರ ಅಂಚು ಸವರಿದಳು. “ಚೆನ್ನಾಗಿ ಹೆಣೆದವ್ರೆ. ಮೆಂತ್ಯ ಅರೆದು ಬಳಿಬೇಕು, ಇಲ್ದಿದ್ರೆ ಸಂದೀಲಿ ರಾಗಿ ಸೋರುತ್ತೆ” ಎಂದಳು. ನನ್ನ ಎದೆಯ ಭಾರ ಅರ್ಧ ಇಳಿಯಿತು. ಉಳಿದರ್ಧ ಒಳಗೆ ಅಟ್ಟಣಿಗೆಯ ಮೇಲೆ ಕಾಣುತ್ತಿತ್ತು: ಗಿಳಿಹಸಿರು, ಜೋಡಿಯಾಗಿ, ಹೋದ ವರ್ಷ ನಾನು ಕಟ್ಟಿದ ದಾರವನ್ನೇ ಮತ್ತೆ ಕಟ್ಟಿಸಿಕೊಂಡು.

“ಅದನ್ನ ಕೊಡಕ್ಕ, ತಗೊಂಡು ಹೋಗ್ತೀನಿ.”

“ಯಾಕೋ? ಕೊಟ್ಟಿದ್ದನ್ನ ವಾಪಸ್ ಕೇಳೋದು ಎಲ್ಲಿ ಕಲ್ತೆ?”

“ಪ್ಲಾಸ್ಟಿಕ್ಕು ಕಣಕ್ಕ. ಅದರಲ್ಲಿ ಕೇರೋಕೂ ಆಗಲ್ಲ, ಎಷ್ಟು ವರ್ಷ ಆದ್ರೂ ಮಣ್ಣಾಗಲ್ಲ.”

ಅಕ್ಕ ನನ್ನ ಮುಖ ನೋಡಿದಳು. ಅವಳ ದನಿ ಏರಲಿಲ್ಲ.

“ಮಣ್ಣಾಗೋದನ್ನ ನೋಡಿದ್ದಾಯ್ತಲ್ಲೋ ಈ ವರ್ಷ. ಅದೊಂದಾದ್ರೂ ಆಗ್ದೇ ಇರ್ಲಿ ಬಿಡು. ಅವ್ರೇ ಹೇಳಿದ್ರಲ್ಲ, ಜೋಪಾನವಾಗಿ ಇಟ್ಕೊ ಅಂತ.”

ಇಬ್ಬರೂ ಕಾಫಿ ಕುಡಿದೆವು. ಹೊರಡುವಾಗ ಬಾಗಿಲ ತನಕ ಬಂದು ಕೇಳಿದಳು: “ಬಾಗಿನ ಇಲ್ಲ ಅಂತ ಬರೋದು ಬಿಟ್ಬಿಡ್ತೀಯೇನೋ?”

“ಇಲ್ಲಕ್ಕ. ಬರ್ತೀನಿ.”

“ಹಂಗಾದ್ರೆ ಮುಂದಿನ್ ವರ್ಷ ಜರಡಿ ತಗೊಂಡ್ ಬಾ. ನಮ್ದು ತೂತು ಬಿದ್ದಿದೆ.”

ಜರಡಿ ಇರುವುದೇ ತೂತಿನಿಂದ ಎಂದು ಹೇಳಬೇಕೆನ್ನಿಸಿತು. ಭಾವ ಇದ್ದಿದ್ದರೆ ಹೇಳುತ್ತಿದ್ದರು.

ಮನೆಗೆ ಬಂದು ಲೇಖನ ತೆಗೆದು ಧೂಳು ಕೊಡವಿದೆ. ಹಣತೆ, ಬುಟ್ಟಿ, ತುಳಸಿ ಎಲ್ಲ ಇದ್ದಲ್ಲೇ ಇದ್ದವು. ಕೊನೆಯ ಸಾಲು ಹೊಡೆದುಹಾಕಿ ಕಳಿಸಿದೆ. ಗಂಟೆಯೊಳಗೆ ಫೋನು ಬಂತು. “ಸಾರ್, ಕೊನೇಲಿ ಒಂದು ಸಾಲು ಕಮ್ಮಿ ಬೀಳ್ತಿದೆ. ಏನ್ ಹಾಕೋಣ?”

“ಬಟ್ಟೆ ಚೀಲನ ಮೇಲಿಂದ ತೆಗೆದು ಅಲ್ಲಿ ಹಾಕಿ, ಸ್ವಲ್ಪ ಎಳೀರಿ” ಎಂದೆ. ಬಟ್ಟೆ ಚೀಲ ಇಷ್ಟು ಕೆಳಕ್ಕೆ ಇಳಿದದ್ದು ಇದೇ ಮೊದಲು. ಯಾಕೆಂದು ಕೇಳುವವರು ಈ ವರ್ಷ ಇಲ್ಲ.