ಹನ್ನೊಂದು ಗಂಟೆಯ ದಾರಿಗೆ ನಲವತ್ತು ಮೀನು

ನಮ್ಮ ಚಿಕ್ಕಮ್ಮ ವಿಮಾನವನ್ನು ಹತ್ತಿರದಿಂದ ನೋಡಿದವಳಲ್ಲ. ಆದರೂ ಯಾವ ಊರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವಳನ್ನೇ ಕೇಳಬೇಕಿತ್ತು. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಸಾಕುವ ಬಣ್ಣದ ಮೀನುಗಳನ್ನು ಪರದೇಶಕ್ಕೆ ಕಳಿಸಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದು. ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ, ಬಾಯಿಗೆ ಎರಡು ರಬ್ಬರ್ ಬ್ಯಾಂಡ್. ನಾನು ಪಕ್ಕದಲ್ಲಿ ನಿಂತು ಮೀನು ಎಣಿಸಿ ಹಾಕುತ್ತಿದ್ದೆ. ನಮ್ಮ ಮೀನಿನ ಷೆಡ್ಡಿನವರು ಅವಳನ್ನು ಗಾಳಿಯಮ್ಮ ಎನ್ನುತ್ತಿದ್ದರು. ಅವಳಿಗೆ ಸಿಟ್ಟು ಬಂದ ದಿನ, “ಗಾಳಿ ಮೆಟ್ಕೊಂಡಿದೆ, ದೂರ ಇರಿ” ಎಂದು ನಗುತ್ತಿದ್ದರು.

ರಬ್ಬರ್ ಬ್ಯಾಂಡ್ ಬಿಗಿದ ಕ್ಷಣಕ್ಕೆ ಅವಳ ಲೆಕ್ಕ ಶುರು. ಆ ಕಡೆಯವರು ಅದನ್ನು ಬಿಚ್ಚುವವರೆಗೆ ಮುಗಿಯುತ್ತಿರಲಿಲ್ಲ. ಹೊತ್ತು ಹೆಚ್ಚಾದಷ್ಟೂ ಚೀಲಕ್ಕೆ ಹಾಕುವ ಮೀನು ಕಡಿಮೆ. ಇಷ್ಟು ಸರಳ ವಿಷಯ.

ಹೋದ ವರ್ಷ ಮಾಲೀಕರ ಭಾವಮೈದ ಬಂದು ಆಫೀಸಿನಲ್ಲಿ ವಕ್ಕರಿಸಿದ. ಮೀನಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲದ ಮಹಾಶಯ. ಒಂದು ಬೆಳಗ್ಗೆ ಕಂಪ್ಯೂಟರಿನಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಒತ್ತಿ ನೋಡಿ, ನಿಧಿ ಸಿಕ್ಕವನ ಹಾಗೆ ಷೆಡ್ಡಿಗೆ ಓಡಿಬಂದ.

“ಎಂಟು ಸಾವಿರದ ಒಂಬೈನೂರು ಕಿಲೋಮೀಟರು, ಹನ್ನೊಂದೇ ಗಂಟೆ! ಇಷ್ಟಕ್ಕೆ ಇಪ್ಪತ್ತೈದು ಮೀನು ಯಾಕೆ? ಚೀಲಕ್ಕೆ ನಲವತ್ತು ಹಾಕಿ.”

“ಹಾರೋದು ಹನ್ನೊಂದು ಗಂಟೆ ಸಾರ್,” ಎಂದಳು ಚಿಕ್ಕಮ್ಮ. “ಇಲ್ಲಿಂದ ಲಾರಿ, ಅಲ್ಲಿ ತಪಾಸಣೆ, ಕಾಯೋದು, ಇಳಿದ ಮೇಲೆ ಮತ್ತೆ ಕಾಯೋದು, ಮತ್ತೆ ಲಾರಿ. ಇಪ್ಪತ್ತೆಂಟು ಗಂಟೆ ಆಗುತ್ತೆ. ಮೀನು ನಿಮ್ಮ ಕಂಪ್ಯೂಟರ್ ನೋಡ್ಕೊಂಡು ಉಸಿರಾಡಲ್ಲ.”

“ಹೇಳಿದಷ್ಟು ಮಾಡಮ್ಮ. ಚೀಲ ಕಟ್ಟೋಳು ನನಗೆ ಭೂಗೋಳ ಹೇಳ್ಕೊಡ್ಬೇಡ.”

ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಕಟ್ಟಿದಳು. ನಾನು ನಲವತ್ತು ನಲವತ್ತು ಎಣಿಸಿ ಹಾಕಿದೆ. ಅರವತ್ತು ಚೀಲ.

ಮೂರನೇ ದಿನ ಆ ಕಡೆಯವರು ಫೋಟೋ ಕಳಿಸಿದರು. ನೀರು ಹಾಲಿನಂತೆ ಬೆಳ್ಳಗಾಗಿತ್ತು. ಒಂದೊಂದು ಮೀನೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಚಿಕ್ಕಮ್ಮ ಫೋನು ವಾಪಸ್ ಕೊಟ್ಟು ಕೈ ತೊಳೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗಿ ತೊಳೆದಳು.

ಆ ಮಹಾಶಯ ಒಂದು ಕಾಗದ ಬರೆದು ತಂದ. ‘ಚೀಲ ಸಡಿಲವಾಗಿ ಕಟ್ಟಿದ್ದು ನನ್ನ ತಪ್ಪು.’

“ರುಜು ಹಾಕು, ಕೆಲಸ ಉಳಿಯುತ್ತೆ.”

ಹತ್ತೊಂಬತ್ತು ವರ್ಷದಲ್ಲಿ ಅವಳು ಕಟ್ಟಿದ ಒಂದು ಚೀಲವೂ ಸೋರಿದ್ದಿಲ್ಲ! ಹಾಗೆ ಬರೆಯಲು ಅವನಿಗೆ ಕೈಯಾದರೂ ಹೇಗೆ ಬಂತೋ. ಚಿಕ್ಕಮ್ಮ ಆ ಸಾಲನ್ನು ಹೊಡೆದುಹಾಕಿ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ‘ಚೀಲ ಬಿಗಿಯಾಗಿತ್ತು. ಮೀನು ಹೆಚ್ಚಾಗಿತ್ತು. ಸಾಯುತ್ತವೆ ಎಂದು ಗೊತ್ತಿದ್ದೂ ಕಟ್ಟಿದೆ, ಅದು ನನ್ನ ತಪ್ಪು.’ ಅದರ ಕೆಳಗೆ ರುಜು ಹಾಕಿ, ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು.

“ನಾಳೆಯಿಂದ ಬರಬೇಡ,” ಎಂದು ಅವನು ಕಾಗದ ಹರಿದ.

ಅವಳು ರಬ್ಬರ್ ಬೂಟು ಕಳಚಿಟ್ಟು ನನ್ನ ಹತ್ತಿರ ಬಂದಳು. “ಆ ಮೂಲೆ ತೊಟ್ಟಿಗೆ ಇವತ್ತು ಮೇವು ಹಾಕ್ಬೇಡ ಕಣೇ, ನಾಡಿದ್ದು ಕಟ್ಟೋದಿದೆ. ಹೊಟ್ಟೆ ಖಾಲಿ ಇರ್ಬೇಕು,” ಎಂದು ಹೇಳಿ ಹೊರಟುಹೋದಳು.

ವಾರದೊಳಗೆ ಗೋಡೆಯ ಮೇಲೆ ಚೀಟಿ ಬಿತ್ತು: ಚೀಲಕ್ಕೆ ಇಪ್ಪತ್ತೈದು ಮೀನು ಮಾತ್ರ. ಅವನದೇ ಅಕ್ಷರ. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ನಲವತ್ತನ್ನು ಎಣಿಸಿದ ಕೈ ನನ್ನದು. ಆ ದಿನ ಚಿಕ್ಕಮ್ಮ ಕುಕ್ಕಿದ ಪೆನ್ನು ನನ್ನ ಎದುರಿಗೇ ಬಿದ್ದಿತ್ತು. ನಾನು ಅದನ್ನು ಎತ್ತಿಕೊಳ್ಳದೆ ತೊಟ್ಟಿಯ ಕಡೆ ಮುಖ ತಿರುಗಿಸಿಕೊಂಡು ನಿಂತೆ.

ಈಗ ರಬ್ಬರ್ ಬ್ಯಾಂಡ್ ಬಿಗಿಯುವವಳು ನಾನೇ.