ಎಡಗೈಯಲ್ಲಿ ಮೂಡಿದ ವರ್ಗಮೂಲ

ಮೊನ್ನೆ ಶಿರಸಿಯ ಆಯುರ್ವೇದ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ಯಾರಿಗೋ ತೋರಿಸಲೆಂದು ಅಂಗಡಿಯವರು ಮಹಾನಾರಾಯಣ ತೈಲದ ಬಾಟಲಿಯ ಮುಚ್ಚಳ ತೆಗೆದರು. ಆ ವಾಸನೆಗೆ ನಮ್ಮ ಗಣಿತದ ಅಕ್ಕೋರು ನೆನಪಾದರು…

ಸಿದ್ದಾಪುರದ ಕಡೆಯ ಹೈಸ್ಕೂಲಿಗೆ ನಾನು ಕನ್ನಡ ಕಲಿಸಲು ಹೊಸದಾಗಿ ಸೇರಿದಾಗ ಅವರು ಅಲ್ಲಿನ ಹಿರಿಯ ಶಿಕ್ಷಕಿ. ಅವರು ಬೋರ್ಡಿನ ಮೇಲೆ ಬರಿಗೈಯಲ್ಲಿ ಎಳೆದ ವೃತ್ತ ಕೈವಾರದಲ್ಲಿ ಎಳೆದಂತಿರುತ್ತಿತ್ತು. ಒಂದು ಬೇಸಿಗೆ ರಜೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ನಡಿಗೆ ಮರಳಿತು. ಬಲಗೈ ಮಾತ್ರ ಮರಳಲಿಲ್ಲ. ಶಾಲೆಗೆ ಬಂದಾಗ ಸೆರಗಿನೊಳಗಿನ ಆ ಕೈಯಿಂದ ತೈಲದ ವಾಸನೆ ಬರುತ್ತಿತ್ತು.

ಎಡಗೈಯಲ್ಲಿ ಅವರು ಬರೆದದ್ದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಹಾವೇರಿ ಕಡೆಯ ನಮ್ಮ ಹೆಡ್‌ಮಾಸ್ತರರು ಕನಿಕರದಿಂದಲೇ ಹೇಳಿದರು: “ಯಾಕ್ರೀ ತ್ರಾಸು ತಗೋತೀರಿ ಅಕ್ಕೋರ? ಲೈಬ್ರರಿ ನೋಡ್ಕೊಂಡು ಇರ್ರಿ. ಹತ್ತನೇ ಕ್ಲಾಸಿಗೆ ಬ್ಯಾರೆಯವ್ರನ್ನ ಹಾಕೋಣಂತ.”

ಅಕ್ಕೋರು ಹೊರಗೆ ಬಂದು ನನ್ನ ತೋಳು ಹಿಡಿದು ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು: “ಎನ್ನ ಕೈ ಹೋಜು ತಂಗಿ, ಲೆಕ್ಕ ಹೋಜಿಲ್ಲೆ. ಎಂಗೆ ಕಂಪ್ಯೂಟರ್ ಕಲಿಸ್ಕೊಡು.”

ನನಗೆ ಗೊತ್ತಿದ್ದದ್ದು ಕನ್ನಡ ಟೈಪಿಂಗ್ ಅಷ್ಟೆ. ವರ್ಗಮೂಲ, ಘಾತಾಂಕಗಳ ಜಾಗ ಖಾಲಿ ಬಿಟ್ಟು, ಪ್ರಿಂಟಾದ ಮೇಲೆ ಪೆನ್ನಿನಲ್ಲಿ ತುಂಬುವುದು ನಮ್ಮೆಲ್ಲರ ರೂಢಿ. ವರ್ಡ್‌ನಲ್ಲಿ ಸಮೀಕರಣದ ಚೌಕ ತೆರೆಯಲು ಆಲ್ಟ್ ಹಿಡಿದುಕೊಂಡೇ ಸಮಚಿಹ್ನೆ ಒತ್ತಬೇಕೆಂದು ಹುಡುಕಿ ತಿಳಿದುಕೊಂಡೆವು. ಘಾತಾಂಕಕ್ಕೂ ಶಿಫ್ಟ್ ಹಿಡಿಯಬೇಕು. ಹಿಡಿಯಲು ಒಂದು ಕೈ, ಒತ್ತಲು ಇನ್ನೊಂದು… ಇವರಿಗಿದ್ದದ್ದು ಒಂದೇ.

ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ ಶಿಫ್ಟ್ ಕೀಲಿಯನ್ನು ಕುಟ್ಟುತ್ತಲೇ ಹೋದರು. ಪರದೆಯ ಮೇಲೆ ಪುಟ್ಟ ಕಿಟಕಿಯೊಂದು ತೆರೆಯಿತು. ಎಷ್ಟೋ ಸಲ ನಾನು ಓದದೇ ಮುಚ್ಚಿದ್ದ ಕಿಟಕಿ. ಈಗಲೂ ಮುಚ್ಚಹೊರಟೆ.

“ತಡಿ ತಂಗಿ. ಅದು ಎಂತ ಹೇಳ್ತು, ಓದು.”

ಓದಿದೆ. ಒಪ್ಪಿಗೆ ಕೊಟ್ಟರೆ ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯಬೇಕಿಲ್ಲ, ಒಂದಾದ ಮೇಲೊಂದು ಒತ್ತಿದರೆ ಸಾಕು! ಅಕ್ಕೋರು ಆಲ್ಟ್ ಒತ್ತಿ ಬೆರಳೆತ್ತಿದರು. ನಿಧಾನವಾಗಿ ಸಮಚಿಹ್ನೆ ಒತ್ತಿದರು. ಚೌಕ ತೆರೆದುಕೊಂಡಿತು. ಹಿಂದಕ್ಕೆ ವಾಲಿದ ಓರೆಗೆರೆ ಹಾಕಿ, ಸ್ಕ್ವೇರ್ ರೂಟ್ ಎಂಬುದಕ್ಕೆ ಚುಟುಕಾಗಿ ಎಸ್‌ಕ್ಯೂಆರ್‌ಟಿ ಎಂದು ಟೈಪಿಸಿ ಸ್ಪೇಸ್ ಕೊಟ್ಟದ್ದೇ √ ಮೂಡಿತು. ಅವರು ಕೂಗಿದ್ದು ಕೇಳಿ ಆಫೀಸಿನಿಂದ ಗುಮಾಸ್ತರು ಓಡಿಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರು ಪ್ರೊಜೆಕ್ಟರ್ ಹಚ್ಚಿ ಹತ್ತನೇ ಕ್ಲಾಸಿನೆದುರು ಕೂತರು. ಹೆಡ್‌ಮಾಸ್ತರರು ಹಿಂದಿನ ಬೆಂಚಿನಲ್ಲಿ. ವರ್ಗಸಮೀಕರಣದ ಸೂತ್ರ ಗೋಡೆಯ ಮೇಲೆ ಒಂದೊಂದೇ ಅಕ್ಷರವಾಗಿ ಬೆಳೆಯಿತು. ವರ್ಗಮೂಲ ತನ್ನ ಚಾವಣಿ ಚಾಚಿ b²−4ac ಯನ್ನು ಒಳಗೆ ಕರೆದುಕೊಂಡಿತು. ಭಾಗಿಸುವ ಗೆರೆ, ಆಮೇಲೆ 2a. “ಈಗ ನೋಡಿ” ಎಂದು ಸ್ಪೇಸ್ ಒತ್ತಿದರು. ಇಡೀ ಸಾಲು ಎದ್ದು ಮೇಲೇರಿತು, 2a ಕೆಳಗಿಳಿದು ಕೂತಿತು. ಮಕ್ಕಳು “ಹೋ!” ಎಂದು ಬೆಂಚು ಬಡಿದರು.

“ಲೈಬ್ರರಿಗೆ ಬ್ಯಾರೆ ಯಾರನ್ನಾರ ನೋಡ್ತೀನಿ ತಗೋರಿ ಅಕ್ಕೋರ,” ಹೆಡ್‌ಮಾಸ್ತರರು ಎದ್ದು ನಿಂತು ನಕ್ಕರು.

ನಿವೃತ್ತಿಯ ದಿನದವರೆಗೂ ಹತ್ತನೇ ಕ್ಲಾಸಿನ ಗಣಿತ ಅವರದ್ದೇ ಆಗಿತ್ತು. ಸುತ್ತಲಿನ ಶಾಲೆಗಳ ಪ್ರಶ್ನೆಪತ್ರಿಕೆಗಳೂ ಅವರ ಎಡಗೈಯಿಂದಲೇ ಹೊರಟವು. ಒಂದರಲ್ಲೂ ಪೆನ್ನಿನ ಗುರುತಿರಲಿಲ್ಲ.

ನಾನೀಗ ಯಲ್ಲಾಪುರದ ಶಾಲೆಯಲ್ಲಿದ್ದೇನೆ. ಚಿಹ್ನೆ ಸಿಗದೆ ಇಲ್ಲಿನ ಗಣಿತದ ಮಾಸ್ತರರು ಒದ್ದಾಡುವಾಗ ನಾನೇ ಹೇಳಿಕೊಡುತ್ತೇನೆ. ಕನ್ನಡ ಕಲಿಸುವವರಿಗೆ ಇದನ್ನು ಕಲಿಸಿದವರು ಯಾರು ಎಂದು ಅವರಿಗೆ ಅಚ್ಚರಿ. ಅಕ್ಕೋರ ಕತೆ ಹೇಳುತ್ತೇನೆ, ಹೆಮ್ಮೆಯಿಂದಲೇ ಹೇಳುತ್ತೇನೆ… ಅವರು ತೀರಿಕೊಂಡು ವರ್ಷಗಳೇ ಆದವು. ಆದರೂ “ಇದ್ದರು” ಎನ್ನಬೇಕಾದಲ್ಲಿ ನಾಲಿಗೆ ಇವತ್ತಿಗೂ “ಇದ್ದಾರೆ” ಎಂದುಬಿಡುತ್ತದೆ.